ತಿರುಗಿಸದ ಆರು

ಅಣ್ಣನ ಬಲಗೈ ಬೆಂಚಿಗೆ ಬಿಗಿದ ವೈಸಿನ, ಆ ಕಬ್ಬಿಣದ ಇಕ್ಕಳದ, ದವಡೆಯೊಳಗಿತ್ತು. ಗ್ಯಾರೇಜಿನ ಯಜಮಾನ ಹಿಡಿಕೆಯನ್ನು ಇನ್ನೊಂದು ಸುತ್ತು ತಿರುವಿದ. ಗೆಣ್ಣು ಲಟಕ್ಕೆಂದಿತು. ಅಣ್ಣ ಕಚ್ಚಿಕೊಂಡ ತುಟಿಯಿಂದ ರಕ್ತ ಗದ್ದಕ್ಕಿಳಿಯಿತು.

ಊಟದ ಡಬ್ಬಿ ತಂದಿದ್ದ ತಂಗಿ ಬಾಗಿಲಲ್ಲೇ ಕಲ್ಲಾದಳು.

ಕದ್ದ ಗಾಡಿಗಳ ಎಂಜಿನ್ ನಂಬರು ಉಜ್ಜಿ ಹೊಸದನ್ನು ಹೊಡೆಯುವುದು ಅಲ್ಲಿನ ಕಸುಬು. ಯಜಮಾನನ ಬಾಮೈದ ಹೊಸ ನಂಬರನ್ನು ಪಟ್ಟಿ ನೋಡಿ ಓದಿ ಹೇಳುವವನು. ಎಲ್ಲರ ಬಾಯಲ್ಲಿ ಅವನು ಗಿಳಿ. ಅಣ್ಣ ಉಕ್ಕಿನ ಅಚ್ಚು ಇಟ್ಟು ಸುತ್ತಿಗೆ ಹಾಕುವವನು. ಒಂಬತ್ತರ ಅಚ್ಚು ಎಂದೋ ಮುರಿದುಹೋಗಿ, ಆರರದ್ದನ್ನೇ ತಲೆಕೆಳಗು ಮಾಡಿ ಹೊಡೆಯುತ್ತಿದ್ದ. ಈ ಬೆಳಿಗ್ಗೆ ತಪಾಸಣೆಯವರ ಯಂತ್ರ ಒಂದು ನಂಬರನ್ನು ಒಪ್ಪಲಿಲ್ಲ. ಗಾಡಿಯ ಜೊತೆ ಯಜಮಾನನ ಮಗನೂ ಸಿಕ್ಕಿಬಿದ್ದ.

"ಬಾಮ್ಮ, ಲೆಕ್ಕದಲ್ಲಿ ದೊಡ್ಡ ಓದು ಓದಿದ್ದೀಯಲ್ಲ." ಯಜಮಾನ ಮೊಬೈಲಿನಲ್ಲಿದ್ದ ಆ ನಂಬರಿನ ಚಿತ್ರವನ್ನು ಅವಳ ಮೂಗಿಗೇ ಹಿಡಿದ. "ತಪ್ಪು ನಿಮ್ಮಣ್ಣಂದೋ, ಈ ಗಿಳೀದೋ? ಒಬ್ಬನ ಕೈ ಇವತ್ತು ಪುಡಿಯಾಗುತ್ತೆ."

ಅವಳು ಅಂಕಿಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ಹೇಳಿದಳು: "ಈ ಗಾಡಿಗಳ ನಂಬರೆಲ್ಲ ತೊಂಬತ್ತೊಂಬತ್ತರಿಂದ, ಅಂದ್ರೆ ಒಂಬತ್ತರಿಂದಲೂ ಹನ್ನೊಂದರಿಂದಲೂ, ಭಾಗ ಹೋಗ್ತವೆ. ಓದೋರು ಅಂಕಿ ಹಿಂದುಮುಂದು ಮಾಡಿದ್ರೂ ಕೂಡಿದ ಮೊತ್ತ ಬದಲಾಗಲ್ಲ, ಒಂಬತ್ತರಿಂದ ಹೋಗುತ್ತೆ. ಅಚ್ಚು ತಿರುಗಿಸೋದು ಮರೆತ್ರೆ ಮೂರು ಕಮ್ಮಿ ಬೀಳುತ್ತೆ, ಹೋಗಲ್ಲ."

"ಸರಿಯಾಗಿ ಕೂಡು ತಂಗೀ, ನಿನ್ನ ದಮ್ಮಯ್ಯ," ಎಂದ ಗಿಳಿ. "ನಾನು ಕಂಡಿದ್ದನ್ನೇ ಓದೋನು."

471035869224. ಅವಳು ಕೂಡಿದಳು. ಐವತ್ತೊಂದು. ಆ ಒಂದೇ ಆರನ್ನು ಒಂಬತ್ತು ಮಾಡಿ ನೋಡಿದಳು: ಐವತ್ನಾಲ್ಕು. ಹನ್ನೊಂದರ ಲೆಕ್ಕವೂ ಕೂಡಿಬಂತು. ಗಿಳಿ "ಒಂಬತ್ತು, ಒಂಬತ್ತು" ಎಂದು ಸರಿಯಾಗಿಯೇ ಓದಿದ್ದ. ಅಣ್ಣ ಎರಡನೆಯದಕ್ಕೆ ಮಾತ್ರ ಅಚ್ಚು ತಿರುಗಿಸಿದ್ದ.

ವೈಸಿನ ಹಿಡಿಕೆ ಮತ್ತೆ ಕಿರುಗುಟ್ಟಿತು.

"ಐವತ್ನಾಲ್ಕು," ಎಂದಳು. "ಒಂಬತ್ತರಿಂದ ಸರಿಯಾಗಿ ಹೋಗುತ್ತೆ. ಓದಿದ್ದೇ ತಪ್ಪು."

ಯಜಮಾನ ತಾನೇ ಬೆರಳು ಮಡಚತೊಡಗಿದ. ನಾಲ್ಕು, ಏಳು... ಹನ್ನೊಂದಕ್ಕೆ ಬೆರಳು ಮುಗಿದವು. ರೇಗಿತು. ಅಣ್ಣನನ್ನು ಬಿಡಿಸಿ ಆಚೆ ನೂಕಿ, ಬಾಮೈದನ ಅಂಗೈಯನ್ನು ಬೆಂಚಿಗೆ ಒತ್ತಿ, ಅದರ ಬೆನ್ನ ಮೇಲೆ ಕೈಗೆ ಸಿಕ್ಕ ಅಚ್ಚನ್ನು ನಿಲ್ಲಿಸಿ ಸುತ್ತಿಗೆ ಬೀಸಿದ. ಎಲುಬು ಹಸಿ ಕಡ್ಡಿಯಂತೆ ಮುರಿಯಿತು. ಮತ್ತೆ ಬೀಸಿದ.

"ಓದೋ ಗಿಳಿ! ಎಷ್ಟು ಅಂತ ಓದು!"

"ಆರು... ಭಾವ, ಆರು..."

ಅವನು ಈಗಲೂ ಕಂಡಿದ್ದನ್ನೇ ಓದುತ್ತಿದ್ದ. ಬೆಂಚಿನ ಈಚೆ ನಿಂತಿದ್ದ ಅವಳಿಗೆ, ರಕ್ತ ತುಂಬಿಕೊಳ್ಳುತ್ತಿದ್ದ ಆ ಗುರುತು ಒಂಬತ್ತಾಗಿ ಕಾಣುತ್ತಿತ್ತು.

ಬೀದಿಗೆ ಬಂದ ಮೇಲೆ ಅಣ್ಣ, ಜಜ್ಜಿದ ಬೆರಳುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಪಿಸುಗುಟ್ಟಿದ: "ತಿರುಗಿಸದೆ ಹೊಡೆದೋನು ನಾನೇ ಕಣೇ."

"ಗೊತ್ತು. ಹಿಂದೆ ನೋಡ್ಬೇಡ, ನಡಿ."

ಹಿಂದಿನಿಂದ ಮೂರನೆಯ ಏಟು ಕೇಳಿಸಿತು. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು. ಒಳಗಿನ ಅನ್ನ ಆರಿರಲಿಲ್ಲ.