ಒಂದು ಕೈಯ ಪ್ರೋಗ್ರಾಂ

ಈರೇಶ್ ಬುದ್ಧಿವಂತನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುದ್ಧಿವಂತರಿಗೆ ಒಂದು ಚಾಳಿ ಇರುತ್ತದೆ ನೋಡಿ, ತಮ್ಮ ತಪ್ಪನ್ನು ಯಾರೂ ನೋಡದಾಗ ಸದ್ದಿಲ್ಲದೆ ಸರಿಮಾಡಿಬಿಡೋಣ ಅನ್ನುವುದು. ಆ ಚಾಳಿಯೇ ಅವನಿಗೆ ಮುಳುವಾಯಿತು.

ತೊಂಬತ್ತೇಳರ ಮಾತು. ಕೊಪ್ಪಳದ ಕಡೆಯ ಈ ಹುಡುಗ ಪೀಣ್ಯದಲ್ಲಿ ಚನಬಸಪ್ಪನವರ ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಪವರ್ ಪ್ರೆಸ್ಸುಗಳಿಗೆ ಕಂಟ್ರೋಲ್ ಬಾಕ್ಸ್ ಮಾಡಿಕೊಡುವುದು ಅವರ ಕಸುಬು. ಪ್ರೆಸ್ ಅಂದರೆ ತಗಡಿನ ಮೇಲೆ ದಬ್ಬನೆ ಇಳಿದು ವಾಷರ್ ಕತ್ತರಿಸುವ ಯಂತ್ರ. ಬಾಕ್ಸಿನ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಪ್ರೆಸ್ಸಿನಡಿಗೆ ಕೈ ಹೋಗುವುದಾದರೂ ಎಲ್ಲಿಂದ? ಅಷ್ಟೇ ಉಪಾಯ. ಆ ಪ್ರೋಗ್ರಾಂ ಅನ್ನು ಕಂಪ್ಯೂಟರಿನಲ್ಲಿ ಬರೆದು, ಕೇಬಲ್ ಹಾಕಿ ಬಾಕ್ಸಿಗೆ ಇಳಿಸುವುದು ಈರೇಶನ ಕೆಲಸ.

ಆಫೀಸಿನ ಟೇಬಲ್ಲಿನ ಮೇಲೆ ಬಾಕ್ಸ್ ಪರೀಕ್ಷಿಸುವಾಗ ಅವನ ಒಂದು ಕೈಯಲ್ಲಿ ಕರೆಂಟ್ ಅಳೆಯುವ ಮೀಟರಿನ ಕಡ್ಡಿ ಇರುತ್ತಿತ್ತು. ಅದಕ್ಕೇ ತನ್ನ ಅನುಕೂಲಕ್ಕೆಂದು ಇನ್ನೊಂದು ಪ್ರೋಗ್ರಾಂ ಮಾಡಿಟ್ಟುಕೊಂಡಿದ್ದ. ಅದರಲ್ಲಿ ಯಾವುದಾದರೂ ಒಂದು ಗುಂಡಿ ಸಾಕು. ಟೇಬಲ್ಲಿನ ಮೇಲೆ ಪ್ರೆಸ್ಸೇನೂ ಇರಲಿಲ್ಲ, ಒಂದು ಪುಟ್ಟ ದೀಪ ಹತ್ತುತ್ತಿತ್ತು, ಯಾರಿಗೇನು ನಷ್ಟ?

ಆಯುಧಪೂಜೆಯ ಹಿಂದಿನ ದಿನ ಮಾಕಳಿಯಲ್ಲಿ ನರಸಪ್ಪನವರ ಶೆಡ್ಡಿನ ಪ್ರೆಸ್ಸಿಗೆ ಬಾಕ್ಸ್ ಕೂರಿಸಬೇಕಿತ್ತು. ಕಂಪ್ಯೂಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದ. ಪ್ರೋಗ್ರಾಂ ಇಳಿಸಿದ, ಎರಡೂ ಕೈಯಿಂದ ಒತ್ತಿ ತೋರಿಸಿದ, ಪ್ರೆಸ್ ಇಳಿಯಿತು. ಅಲ್ಲಿ ಕೆಲಸ ಮಾಡುವ ಮಾರಕ್ಕ, ನಲವತ್ತರ ಆಸುಪಾಸಿನ ಹೆಂಗಸು, ತಾನೂ ಒತ್ತಿ ನೋಡಿ, ಗುಂಡಿ ಹಗುರವಾಗಿದೆಯೆಂದು ಖುಷಿಪಟ್ಟು ಅವನಿಗೆ ಟೀ ತರಿಸಿಕೊಟ್ಟಳು.

ಪೀಣ್ಯಕ್ಕೆ ವಾಪಸು ಬಂದು ಕಂಪ್ಯೂಟರ್ ಜೋಡಿಸಿ, ಕೊನೆಗೆ ಇಳಿಸಿದ ಫೈಲಿನ ಹೆಸರು ನೋಡಿದರೆ, ಅದು ಟೇಬಲ್ಲಿನ ಪ್ರೋಗ್ರಾಂ! ಎರಡು ಕೈಯಿಂದ ಒತ್ತಿದರೆ ಅದೂ ಕೆಲಸ ಮಾಡುತ್ತದಲ್ಲ, ಹಾಗಾಗಿ ಅಲ್ಲಿ ಗೊತ್ತಾಗಿರಲಿಲ್ಲ. ಮತ್ತೆ ಹೊರಡೋಣವೆಂದರೆ, ಅಷ್ಟರಲ್ಲಿ ಚನಬಸಪ್ಪನವರ ಹೆಂಡತಿ ಮಹಾಂತಮ್ಮ, ನಾಳೆ ರಜೆಯೆಂದು ಇಂದೇ ಪೂಜೆ ಮುಗಿಸಲು, ತಟ್ಟೆ ಹಿಡಿದು ಬಂದು ಮಾನಿಟರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿಯೇಬಿಟ್ಟರು. ಒಮ್ಮೆ ವಿಭೂತಿ ಬಿತ್ತೆಂದರೆ ಹಬ್ಬ ಮುಗಿಯುವವರೆಗೆ ಸ್ವಿಚ್ ಹಾಕುವಂತಿಲ್ಲ, ಕದಲಿಸುವಂತಿಲ್ಲ. ಅದು ಆ ಕಂಪನಿಯ ಕಟ್ಟುನಿಟ್ಟು.

ಹೇಳಬಹುದಿತ್ತು ಸ್ವಾಮಿ. ಮಹಾಂತಮ್ಮನೇನು ಕಲ್ಲುಮನಸ್ಸಿನವರಲ್ಲ, ಒಂದು ಮಾತು ಸಾಕಿತ್ತು. ಅದೂ ಬೇಡ, ಪಕ್ಕದಲ್ಲೇ ಫೋನ್ ಇತ್ತು. ನಾಳೆ ಆ ಮಿಷನ್ ಮುಟ್ಟಬೇಡಿ ಎಂದು ನರಸಪ್ಪನವರಿಗೆ ಹೇಳಿದ್ದರೆ ಮುಗಿದಿತ್ತು. ರಿಸೀವರ್ ಎತ್ತಿದ, ಇಟ್ಟ. ಆ ವಾರವಷ್ಟೇ ಚನಬಸಪ್ಪ ಇವನನ್ನು ಎಲ್ಲರೆದುರು ಹೊಗಳಿ ಅಟ್ಟಕ್ಕೇರಿಸಿದ್ದರು. ಈಗ ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ನಾಳೆ ಎಲ್ಲ ಕಡೆ ಪೂಜೆ, ಪ್ರೆಸ್ ಯಾರು ಓಡಿಸುತ್ತಾರೆ, ಹಬ್ಬ ಮುಗಿಸಿಕೊಂಡು ಹೋಗಿ ಬದಲಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಾರನೆಯ ದಿನ ಚಿಕ್ಕಮ್ಮನ ಮನೆಯಲ್ಲಿ ಕೂತು ಹೋಳಿಗೆ ತಿಂದ.

ನರಸಪ್ಪನವರ ಶೆಡ್ಡಿನ ಪದ್ಧತಿಯೇ ಬೇರೆ. ಮಂಗಳಾರತಿಯಾದ ಮೇಲೆ ಕರೆಂಟ್ ಹಾಕಿ, ಪ್ರತಿ ಪ್ರೆಸ್ಸಿನಡಿಗೂ ಒಂದು ನಿಂಬೆಹಣ್ಣಿಟ್ಟು ಜಜ್ಜಿಸಬೇಕು, ಶಾಸ್ತ್ರಕ್ಕೆ. ಮಾರಕ್ಕ ಎಡಗೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಹಣ್ಣಿಟ್ಟಳು. ಅದು ಉರುಳಿತು. ಬಲಗೈಯಿಂದ ಹಿಡಿಯಲು ಬಗ್ಗಿದಾಗ ತಟ್ಟೆಯ ಅಂಚು ಎಡಗಡೆಯ ಗುಂಡಿಯನ್ನು ಒತ್ತಿತು. ಎರಡು ಬೆರಳು ಹೋದವು.

ಹಬ್ಬ ಮುಗಿದು ಈರೇಶ್ ಹೊರಡುವ ಮೊದಲೇ ಸುದ್ದಿ ಪೀಣ್ಯಕ್ಕೆ ಬಂತು. ತಪ್ಪೆಲ್ಲ ಮಾರಕ್ಕನದೇ ಎಂದು ನರಸಪ್ಪನವರ ವಾದ. ಬೇಗ ಬೇಗ ಕೆಲಸ ಸಾಗಲೆಂದು ಒಂದು ಗುಂಡಿಗೆ ಬಟ್ಟೆ ತುರುಕಿ ಒತ್ತಿಟ್ಟುಬಿಡುವುದು ಪ್ರೆಸ್ಸಿನವರ ಹಳೇ ಚಟ, ಇವಳೂ ಹಾಗೇ ಮಾಡಿದ್ದಾಳೆ, ಪೂಜೆಯ ದಿನ ರಕ್ತ ಚೆಲ್ಲಿದವಳು ಇನ್ನು ಶೆಡ್ಡಿಗೆ ಕಾಲಿಡಬಾರದು ಎಂದು ಊರಿಗೆಲ್ಲ ಸಾರಿದ್ದರು. ಬಾಕ್ಸ್ ಸರಿಯಿದೆಯೆಂದು ಅವಳೆದುರೇ ತೋರಿಸಲು ಕಂಪನಿಯವರು ಬರಬೇಕು, ಅಲ್ಲಿಯವರೆಗೆ ಪ್ರೆಸ್ ಬಂದ್ ಎಂದೂ ಹೇಳಿ ಕಳಿಸಿದ್ದರು. ಹೋಗಿ ತೋರಿಸಿ ಬಾ ಎಂದು ಚನಬಸಪ್ಪ ಇವನನ್ನೇ ಕಳಿಸಿದರು. ಅವರಿಗೇನು ಗೊತ್ತು ಪಾಪ.

ಆಸ್ಪತ್ರೆಯಿಂದ ಮಾರಕ್ಕ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಈರೇಶ್ ಕಂಪ್ಯೂಟರ್ ಕಟ್ಟಿಕೊಂಡು ಶೆಡ್ಡಿಗೆ ಹೋದ. ಯಾರೂ ಬರುವ ಮುಂಚೆಯೇ ಕೇಬಲ್ ಸಿಕ್ಕಿಸಿ ಸರಿಯಾದ ಪ್ರೋಗ್ರಾಂ ಇಳಿಸಿಬಿಟ್ಟ. ಬಾಕ್ಸಿನಲ್ಲಿ ಹಳೆಯದರ ಗುರುತೇ ಉಳಿಯಲಿಲ್ಲ. ಆಮೇಲೆ ಎಲ್ಲರೆದುರು ಒಂದು ಗುಂಡಿ ಒತ್ತಿದ, ಪ್ರೆಸ್ ಮಿಸುಕಲಿಲ್ಲ. ನರಸಪ್ಪ ತಾವೇ ಒಂದು ಗುಂಡಿಗೆ ಬಟ್ಟೆ ತುರುಕಿ ಇನ್ನೊಂದನ್ನು ಒತ್ತಿದರು, ದಬ್ಬನೆ ಇಳಿಯಿತು. ನೋಡಿದೆಯಾ ಎಂಬಂತೆ ಮಾರಕ್ಕನ ಕಡೆ ತಿರುಗಿದರು.

ಬ್ಯಾಂಡೇಜ್ ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾರಕ್ಕ ಈರೇಶನ ಮುಂದೆ ಬಂದು ನಿಂತಳು. ಅವನಿಗೇ ಹೇಳಿದಳು.

“ನಾನೇ ಬಟ್ಟೆ ಸಿಕ್ಸಿದ್ನೇನೋ ಸಾರ್, ನೆಪ್ಪಿಲ್ಲ. ನಿಮ್ಮ ಮಿಷನ್‌ಗೆ ಕೆಟ್ಟ ಎಸ್ರು ತಂದ್ಬುಟ್ಟೆ. ಬೇಜಾರ್ ಮಾಡ್ಕಬ್ಯಾಡಿ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಶಾಪ ಹಾಕಿದ್ದರೂ ತಲೆ ತಗ್ಗಿಸಿ ಕೇಳುತ್ತಿದ್ದ. ಆದರೆ ಇದು? ಬೆರಳು ಕಳೆದದ್ದು ಸಾಲದೆಂದು, ತನ್ನ ನೆನಪನ್ನೇ ತಾನು ನಂಬದ ಹಾಗೆ ಆ ಹೆಂಗಸನ್ನು ಮಾಡಿಟ್ಟಿದ್ದ. ಈರೇಶನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಕಂಪ್ಯೂಟರಿನ ಮುಂದೆ ಕೂತ. ಬಿಚ್ಚಿಟ್ಟಿದ್ದ ಕೇಬಲ್ ಮತ್ತೆ ಸಿಕ್ಕಿಸಿದ. ಟೇಬಲ್ಲಿನ ಪ್ರೋಗ್ರಾಂ ಅನ್ನು ಹುಡುಕಿ ಇಳಿಸಿದ. ಎಲ್ಲರನ್ನೂ ದೂರ ನಿಲ್ಲಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ಗುಂಡಿ ಒತ್ತಿದ. ಪ್ರೆಸ್ ಇಳಿಯಿತು.

“ಹಬ್ಬದ ದಿನ ಇದರಾಗ ಇದ್ದದ್ದು ಇದ ಪ್ರೋಗ್ರಾಂ,” ಅಂದ. “ಹಾಕಿದವ ನಾನ. ಮಾರಕ್ಕ ಬಟ್ಟಿ ತುರುಕಿಲ್ಲ.”

ನರಸಪ್ಪ ಬಾಯಿಗೆ ಬಂದಂತೆ ಬೈಯತೊಡಗಿದರು. ಬೈಗುಳ ಕೇಳುತ್ತಾ ಕೇಳುತ್ತಾ ಈರೇಶನಿಗೆ, ನಾಚಿಕೆಗೇಡು, ಸ್ವಲ್ಪ ಹಗುರವೆನ್ನಿಸಿತು. ಅಷ್ಟರಲ್ಲಿ ಮಾರಕ್ಕ ಕೇಳಿದಳು.

“ನಿಮಗ್ ಯಾವಾಗ್ ಗೊತ್ತಾಯ್ತು ಸಾರ್?”

ಈಗಷ್ಟೇ ಅನ್ನಬಹುದಿತ್ತು. ಹಿಡಿಯುವವರು ಯಾರೂ ಇರಲಿಲ್ಲ.

“ಹಬ್ಬದ ಹಿಂದಿನ ದಿನಾನ, ಅಕ್ಕ.”

ಸರಿಯಾದದ್ದು ಹಾಕಿ ಎಂದಳು ಮಾರಕ್ಕ. ಇಳಿಸಿದ. ಅವಳು ಪ್ರೆಸ್ಸಿನ ಹತ್ತಿರ ಬಂದು ನಿಂತು, ಒಂದೇ ಕೈಯಲ್ಲಿ ಒತ್ತಿ ತೋರಿಸಿ ಎಂದಳು. ಒತ್ತಿದ, ಪ್ರೆಸ್ ಅಲುಗಲಿಲ್ಲ. ಇನ್ನೊಂದು ಸಲ ಎಂದಳು. ಒತ್ತಿದ. ಮತ್ತೆ ಎಂದಳು. ನರಸಪ್ಪನವರ ಬೈಗುಳ ನಿಂತುಹೋಯಿತು. ಎಡದ ಗುಂಡಿ, ಬಲದ ಗುಂಡಿ, ಮತ್ತೆ ಎಡದ್ದು. ಅವಳು ಸಾಕು ಅನ್ನುವವರೆಗೂ ಒತ್ತುವುದೆಂದು ಈರೇಶ್ ಒತ್ತುತ್ತಲೇ ಇದ್ದ. ಅವಳು ಸಾಕು ಅನ್ನಲಿಲ್ಲ.