ದೌಲತಳ ಮನೆ ತೋರಿಸುತ್ತಿದ್ದ ಬಹ್ಗತ್

ಬಹ್ಗತ್ ಅವರ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅಲೆಕ್ಸಾಂಡ್ರಿಯಾದ ಅತ್ತಾರೀನ್ ಗಲ್ಲಿಗಳಲ್ಲಿ ಮೂವತ್ತೊಂದು ವರ್ಷ ಅಂಚೆಚೀಲ ಹೊತ್ತ ಹೆಗಲು ಅದು; ನಿವೃತ್ತರಾದ ಮೇಲೂ ಅವರು ಅದೇ ವಾಲಿಕೆಯಲ್ಲಿ, ಎದುರುಗಾಳಿಗೆ ಸಾಗುವ ದೋಣಿಯಂತೆ ತಲೆ ಮುಂಚಾಚಿ ನಡೆಯುತ್ತಿದ್ದರು. ಕಂಕುಳಲ್ಲಿ ಒಂದೇ ಪುಸ್ತಕ: ‘ಉಪ್ಪುನೀರಿನ ಬೀದಿ’. ಮದುವೆಯ ಹಿಂದಿನ ದಿನ ನಾವಿಕನೊಬ್ಬನೊಡನೆ ಹೊರಟುಹೋದ ಆ ಕಾದಂಬರಿಯ ದೌಲತಳಿಗಾಗಿ ಕಣ್ಣು ಒದ್ದೆ ಮಾಡಿಕೊಳ್ಳದವರು ನಮ್ಮ ಊರಿನಲ್ಲಿ ವಿರಳ.

ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಬಹ್ಗತ್ ಓದುಗರ ಹಿಂಡು ಕಟ್ಟಿಕೊಂಡು, ದೌಲತ್ ನಡೆದ ದಾರಿಯಲ್ಲೇ ನಡೆಯುತ್ತಿದ್ದರು. ಮೀನುಪೇಟೆಯ ಪಕ್ಕ ಹನ್ನೊಂದು ಮೆಟ್ಟಿಲುಗಳೆಂದು ಪುಸ್ತಕದಲ್ಲಿತ್ತು, ಎಣಿಸಿದರೆ ಒಂಬತ್ತು.

“ಉಸ್ತಾದ್, ಇನ್ನೆರಡನ್ನ ಬರೆದವನೇ ಜೇಬಲ್ಲಿಟ್ಕೊಂಡು ಹೋದ್ನಾ?” ಎಂದು ನಾನು ಕೆಣಕಿದೆ.

“ನಗಿ, ನಗಿ. ಅಗೆಸಿ ತೋರಿಸ್ತೀನಿ.”

ರಸ್ತೆ ರಿಪೇರಿಗೆ ಬಂದವರಿಗೆ ಚಹಾ ಕುಡಿಸಿ, ಅಗೆಸಿಯೇಬಿಟ್ಟರು. ಹತ್ತನೆಯದೂ ಹನ್ನೊಂದನೆಯದೂ ಡಾಂಬರಿನಡಿ ನೆಮ್ಮದಿಯಾಗಿ ಮಲಗಿದ್ದವು. ಅಂದು ಆ ಮುಖದಲ್ಲಿ ಕಂಡ ಪ್ರಭೆಯನ್ನು ನಾನು ಮದುಮಕ್ಕಳ ಮುಖದಲ್ಲೂ ಕಂಡಿಲ್ಲ.

ಕೊನೆಯ ನಿಲ್ದಾಣ ಕಡಲಂಚಿನ ಅನ್ಫೂಶಿ ಬಡಾವಣೆಯ ನೀಲಿ ಬಾಲ್ಕನಿಯ ಮನೆ. “ದೌಲತ್, ಇಳಿದು ಬಾ!” ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗುವುದು ವಾಡಿಕೆ. ಒಂದು ಶುಕ್ರವಾರ ನಿಜವಾಗಿಯೂ ಒಬ್ಬಾಕೆ ಇಳಿದು ಬಂದರು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಮನೆಯೊಡತಿ, ವೃದ್ಧೆ ಇನ್ಶಿರಾಹ್.

“ಯಾರನ್ನ ಕರೀತೀರಪ್ಪಾ? ಅವಳು ಸತ್ತು ಆರು ವರ್ಷ ಆಯ್ತು.”

“ಅಮ್ಮಾ, ಅವಳು ಕಥೆಯ ಹುಡುಗಿ...” ಬಹ್ಗತ್ ತೊದಲಿದರು.

“ನನ್ನ ತಂಗಿ. ಬರೆದವನು ಎದುರುಮನೇಲಿ ಬಾಡಿಗೆಗಿದ್ದ. ಅವಳ ಹೆಸರು, ಅವಳ ಕೂದಲು, ಅವಳ ನಗು, ಈ ಬಾಲ್ಕನಿ, ಎಲ್ಲಾ ಇಲ್ಲಿಂದ್ಲೇ ತಗೊಂಡ. ನಾವಿಕನನ್ನ ಮಾತ್ರ ಅವನೇ ಸೇರಿಸಿದ. ಪುಸ್ತಕ ಬಂದ ತಿಂಗಳೇ, ಅವಳಿಗೆ ನಿಶ್ಚಯವಾಗಿದ್ದ ಮದುವೆ ಮುರೀತು. ನಿಮ್ಮ ಪುಸ್ತಕದಲ್ಲಿ ಅವಳು ಓಡಿಹೋದ್ಲು, ಉಸ್ತಾದರೇ. ಇಲ್ಲಿ ಸಾಯೋತನಕ ಹೊಸ್ತಿಲು ದಾಟಲಿಲ್ಲ.”

ಬಹ್ಗತ್ ಟೋಪಿ ತೆಗೆದರು. “ಇನ್ನು ಆ ಪುಸ್ತಕ ಮುಟ್ಟೋದಿಲ್ಲಮ್ಮಾ.”

“ಓದಿ, ಬೇಡ ಅಂದೋರ್ಯಾರು? ನಮ್ಮ ಬಾಗಿಲಿಗೆ ಮಾತ್ರ ಬರಬೇಡಿ.”

ಮರುವಾರ ಬಹ್ಗತ್ ಎರಡು ಗಲ್ಲಿ ಹಿಂದೆಯೇ, ಮುಳ್ಳು ಬೆಳೆದ ಒಂದು ಖಾಲಿ ನಿವೇಶನದ ಮುಂದೆ ನಿಂತರು. “ದೌಲತಳ ಮನೆ ಇಲ್ಲಿತ್ತು. ಬಿದ್ದುಹೋಯ್ತು.”

ಹೊಸದಾಗಿ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಪುಟ ತೆರೆದು ಹಿಡಿದಳು: “ಬಾಲ್ಕನಿಯಿಂದ ಸಮುದ್ರ ಕಾಣ್ತಿತ್ತು ಅಂತಿದೆ. ಇಲ್ಲಿಂದ ಎಲ್ಲಿ ಕಾಣುತ್ತೆ?”

ಅವರ ಕಿವಿಗಳು ಕೆಂಪಾದವು. ಹಳಬರಾದ ನಾವು ಉಸಿರು ಬಿಗಿಹಿಡಿದೆವು.

“ಬರೆದವರೂ ತಪ್ಪು ಬರೀತಾರೆ, ಮಗಳೇ.”

ಆ ಪುಸ್ತಕದಲ್ಲಿ ತಪ್ಪಿದೆಯೆಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬದುಕಿದ್ದ ಏಳು ವರ್ಷವೂ ಆ ಸುಳ್ಳನ್ನು ಒಂದಕ್ಷರ ಬದಲಿಸದೆ ಹೇಳಿದರು, ಊರೂ ನಂಬಿತು. ಅನ್ಫೂಶಿಯ ಆ ಗಲ್ಲಿಯಲ್ಲಿ ಕೂಗು ನಿಂತು, ಸಂಜೆಯ ಹೊತ್ತು ಇನ್ಶಿರಾಹ್ ಬಾಲ್ಕನಿಯಲ್ಲಿ ಕುಳಿತು ಬಟಾಣಿ ಬಿಡಿಸುವುದನ್ನು ನಾನೇ ಕಂಡಿದ್ದೇನೆ.

ಪುಸ್ತಕ ಹಿಡಿದು ಊರು ಸುತ್ತುವ ಜನ ಎಲ್ಲ ನಗರಗಳಲ್ಲೂ ಇದ್ದಾರೆ. ಅವರ ಹುಚ್ಚಿಗೆ ನಗುವುದು ಸುಲಭ. ಅಂಥವರ ನಡುವೆ ಎಲ್ಲೋ ಒಬ್ಬರಿಗೆ, ಅಕ್ಷರದ ಮೇಲಿನ ಪ್ರೀತಿಯೇ ಹಣ್ಣಾಗಿ, ಅಕ್ಷರದಾಚೆ ಉಸಿರಾಡುತ್ತಿರುವ ಜೀವದ ಕಡೆಗೆ ಬಾಗುವ ಶಕ್ತಿ ಬರುತ್ತದೆ. ಬರೆದವನಿಗೂ ಇಲ್ಲದಿದ್ದ ದಾಕ್ಷಿಣ್ಯವನ್ನು ಕೆಲವೊಮ್ಮೆ ಓದುಗನೇ ತೋರಬೇಕಾಗುತ್ತದೆ.