ಹಿಂದಿನ ಗಾಡಿ

ಪ್ಲಗ್ ಬಿಚ್ಚುವ ಸ್ಪ್ಯಾನರನ್ನು ಮೊಂಜಿ ಮೂರನೆಯ ಸಲ ಒಯ್ಯುವ ಸಾಮಾನಿನ ಚಾಪೆಯ ಮೇಲಿಂದೆತ್ತಿ, ಮನೆಯಲ್ಲೇ ಉಳಿಯುವ ಪೆಟ್ಟಿಗೆಗೆ ಹಾಕಿದ. ತಿಜಾನಿ ಮೂರನೆಯ ಸಲ ಅದನ್ನು ತಂದು ಚಾಪೆಯ ಮೇಲಿಟ್ಟ.

"ಏನೋ ನಿಂದು? ಈ ಸಲ ಪ್ಲಗ್ ಬಿಚ್ಚೋದೇ ಇಲ್ವಾ? ಊದಿದ್ರೆ ಬರುತ್ತಾ ಅದು?"

"ಭಾರ ಆಗುತ್ತೆ ಕಣೋ."

"ನಜೀಹಾ ಕಟ್ಟಿಕೊಟ್ಟಿರೋ ಮೂರು ಕೆಜಿ ಬ್ಸೀಸ ಭಾರ ಅಲ್ಲ, ಇದು ಭಾರ!"

ಚಹಾ ತಂದ ನಜೀಹಾ ಗಂಡ ಮೊಂಜಿಯ ಕಡೆ ನೋಡದೆಯೇ ಹೇಳಿದಳು: "ಬೆಳಿಗ್ಗೆಯಿಂದ ಇಡೋದು, ತೆಗೆಯೋದು, ಇಷ್ಟೇ ಆಯ್ತು ತಿಜಾನಿ ಅಣ್ಣ. ಮದುವೆ ಹೆಣ್ಣು ಹೊರಡೋಕೂ ಇಷ್ಟು ಹೊತ್ತಾಗಲ್ಲ. ಇನ್ನು ಆ ಹುರಿಹಿಟ್ಟಿನ ತಂಟೆಗೆ ಬಂದರೆ ನೋಡಿ." ಲೋಟಗಳನ್ನಿಟ್ಟು ಒಳಗೆ ಹೋದಳು.

ಇಪ್ಪತ್ತಾರು ವರ್ಷದಿಂದ ಪ್ರತಿ ವಸಂತದಲ್ಲೂ ಇವರಿಬ್ಬರು ತಮ್ಮೂರು ಗಾಬೆಸ್‌ನಿಂದ ಹೊರಟು, ಉಪ್ಪಿನ ಬಯಲು ದಾಟಿ, ತೋಝರ್ ಪಟ್ಟಣದವರೆಗೆ ಬೈಕಿನಲ್ಲಿ ಹೋಗಿಬರುತ್ತಾರೆ. ಐದು ದಿನ. ಹೋಗಿ ಸಾಧಿಸುವುದೇನೂ ಇಲ್ಲ. ಮೊಂಜಿ ಮಾರುಕಟ್ಟೆಯ ಹಿಂದೆ ನಲವತ್ತು ವರ್ಷ ಗಾಡಿ ರಿಪೇರಿ ಅಂಗಡಿ ಇಟ್ಟವನು, ತಿಜಾನಿ ಅದೇ ಬೀದಿಯ ದರ್ಜಿ. ಊಟ, ಕಂಬಳಿ ತಿಜಾನಿಯ ಗಾಡಿಯಲ್ಲಿ, ಸ್ಪ್ಯಾನರು, ಬಿಡಿಭಾಗಗಳೆಲ್ಲ ಮೊಂಜಿಯ ಗಾಡಿಯಲ್ಲಿ. ಏನು ಒಯ್ಯಬೇಕು, ಏನು ಬಿಡಬೇಕು ಎಂಬುದಕ್ಕೆ ಮೊಂಜಿ ಮಾಡಿದ ಕಾನೂನು ಒಂದೇ: ಬಳಸಲು ಬಾರದ್ದನ್ನು ಹೊರುವ ಹಾಗಿಲ್ಲ. ತಿಜಾನಿ ಸ್ಫಾಕ್ಸ್‌ನಿಂದ ಆಸೆಪಟ್ಟು ತಂದ, ಹದಿನೆಂಟು ಕೆಲಸ ಮಾಡುವ ಮಡಚು ಚಾಕು ಈ ಕಾನೂನಿನ ಪ್ರಕಾರ ಮೊದಲ ವರ್ಷವೇ ಮನೆಯಲ್ಲಿ ಉಳಿಯಿತು. ಅದರ ಹೆಸರೆತ್ತಿ ಮೊಂಜಿ ಇವತ್ತಿಗೂ ನಗುತ್ತಾನೆ.

ಈ ವರ್ಷ ಆ ಕಾನೂನನ್ನು ತನಗೇ ಹಾಕಿಕೊಂಡಿದ್ದ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಅವನ ಕೈಗೆ ಏನೂ ಆಗುತ್ತಿರಲಿಲ್ಲ. ಸಣ್ಣ ಸ್ಕ್ರೂ ಹಿಡಿಯಲು ಹೋದರೆ ಸಾಕು, ಬೆರಳು ನಡುಗುತ್ತಿತ್ತು. ಹೋದ ವರ್ಷ ಉಪ್ಪಿನ ಬಯಲಿನ ನಡುವೆ ಪ್ಲಗ್ಗನ್ನು ಓರೆಯಾಗಿ ತಿರುಗಿಸಿ ಥ್ರೆಡ್ಡೇ ಕೆಡಿಸಿಬಿಟ್ಟಿದ್ದ. ಲಾರಿಯೊಂದು ಬರುವವರೆಗೆ ಎರಡು ತಾಸು ಬಿಸಿಲಿನಲ್ಲಿ ಕೂರಬೇಕಾಯಿತು. ಹಳೇ ಗಾಡಿ, ಸವೆದಿತ್ತು ಎಂದು ಸುಳ್ಳು ಹೇಳಿದ್ದ. ಈಗ ಒಂದೊಂದಾಗಿ ಚಾಪೆ ಖಾಲಿ ಮಾಡಿ, ಕೊನೆಗೆ ಮಂಡಿ ನೋವು ಅಂತ ಹೇಳಿ ಉಳಿದುಬಿಡುವುದು ಅವನ ಲೆಕ್ಕಾಚಾರ. ನಡುದಾರಿಯಲ್ಲಿ ಗೆಳೆಯನನ್ನು ಮತ್ತೊಮ್ಮೆ ಬಿಸಿಲಿಗೆ ಕೂರಿಸುವುದಕ್ಕಿಂತ ಅದು ಮೇಲು. ಆದರೂ ವರ್ಷವಿಡೀ ಅವನು ಕಾಯುವುದು ಈ ಐದು ದಿನಕ್ಕಾಗಿಯೇ.

ಎಂಜಿನ್ನಿನ ಟ್ಯಾಪೆಟ್ ಸಂದಿ ಅಳೆಯುವ ಗೇಜನ್ನೂ ಅವನು ಎತ್ತಲು ಕೈಚಾಚಿದಾಗ ತಿಜಾನಿ ಆ ಕೈಯನ್ನೇ ಹಿಡಿದುಕೊಂಡ.

"ಬಿಡೋ."

"ಬಿಡಲ್ಲ. ಐವತ್ತು ವರ್ಷ ಸೂಜಿ ಹಿಡಿದವನು ನಾನು. ಕೈ ಹೇಗಿದೆ ಅಂತ ನೋಡೋಕೆ ಬರಲ್ವಾ ನನಗೆ? ಹೋದ ವರ್ಷವೇ ನೋಡಿದೀನಿ."

ಮೊಂಜಿ ತಲೆ ಎತ್ತಲಿಲ್ಲ. "ಹಾಗಿದ್ರೆ ಯಾಕೆ ಸುಮ್ಮನಿದ್ದೆ?"

"ನೀನೇ ಹೇಳ್ತೀಯ ಅಂತ ಕಾದೆ. ನೀನೋ, ಕತ್ತೆ, ಹೇಳ್ಲೇ ಇಲ್ಲ."

"ಇವನ್ನ ಬಳಸೋಕೆ ನನಗೆ ಬರಲ್ಲ ಈಗ. ಕಾನೂನು ಅಂದ್ರೆ ಕಾನೂನು ತಿಜಾನಿ. ಇವು ಬರಲ್ಲ ಅಂದ್ರೆ ನಾನೂ ಬರಲ್ಲ."

ತಿಜಾನಿ ಚಹಾದಲ್ಲಿ ತೇಲುತ್ತಿದ್ದ ಬಾದಾಮಿಯನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಅಂಗಿಯ ತೋಳು ಮಡಚಿಕೊಂಡ. "ಸರಿ. ಕಾನೂನು ನಿಂದು, ಕೈ ನಂದು. ಸಂಜೆಯ ಬಾಂಗ್ ಕೂಗೋದ್ರೊಳಗೆ ನನಗೆ ಯಾವ್ಯಾವುದು ಬರುತ್ತೋ ಅದು ಬರಲಿ. ಬಾರದ್ದು ಮನೇಲಿರಲಿ. ಕಲಿಸು."

ಮೊಂಜಿಗೆ ನಗು ಬಂತು, ಸಿಟ್ಟೂ ಬಂತು. ಗಾಡಿಯ ಮುಂದಿನ ಚಕ್ರ ಬಿಚ್ಚಿಸಿದ. ತಿಜಾನಿ ಟ್ಯೂಬ್ ಬದಲಿಸಿದ, ಬದಲಿಸುವಾಗ ಟೈರ್ ಎಬ್ಬಿಸುವ ಲಿವರಿನ ತುದಿಯಿಂದ ಹೊಸ ಟ್ಯೂಬಿಗೇ ತೂತು ಹೊಡೆದ.

"ಭೇಷ್! ಪಂಕ್ಚರ್ ಹಾಕು ಅಂದ್ರೆ ಪಂಕ್ಚರ್ ಮಾಡ್ತೀಯಲ್ಲೋ!"

"ಬಟ್ಟೆ ಆಗಿದ್ರೆ ಹೊಲಿದುಬಿಡ್ತಿದ್ದೆ" ಎಂದು ತಿಜಾನಿ ಬೆವರು ಒರೆಸಿಕೊಂಡ. ತೂತಿಗೆ ಪ್ಯಾಚ್ ಅಂಟಿಸಿ, ಎರಡನೆಯ ಸಲ ಸರಿಯಾಗಿ ಕೂರಿಸಿದ. ಪ್ಲಗ್ಗನ್ನು ಮೊದಲು ಬೆರಳಿನಿಂದಲೇ, ತಾನಾಗಿ ದಾರಿ ಹಿಡಿಯುವವರೆಗೆ ತಿರುಗಿಸಬೇಕೆಂದು ಮೊಂಜಿ ಹೇಳಿಕೊಟ್ಟ. ಕ್ಲಚ್ ಕೇಬಲ್ ಹಾಕುವುದನ್ನು ಹೇಳಿಕೊಡುವ ಮೊದಲೇ ದರ್ಜಿ ಅದನ್ನು ಲಾಡಿಯಂತೆ ಪೋಣಿಸಿಬಿಟ್ಟ. ಟ್ಯಾಪೆಟ್ಟಿನ ಸಂದಿಗೆ ಗೇಜಿನ ತೆಳು ಪಟ್ಟಿ ತೂರಿಸಿ ಕಣ್ಣು ಮುಚ್ಚಿ, "ಇದು ಸಡಿಲ. ಆ ಕಡೇದು ಬಿಗಿ" ಎಂದ. ಮೊಂಜಿ ಬಗ್ಗಿ, ನಡುಗುವ ಬೆರಳಲ್ಲೇ ಪಟ್ಟಿ ಎಳೆದು ನೋಡಿದ. ನಿಜವಾಗಿತ್ತು. ತನಗೆ ಎರಡು ವರ್ಷ ಹಿಡಿದ ಕೆಲಸ. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಮರುಗಳಿಗೆ ಅವನ ಹಣೆಗೆ ಮುತ್ತಿಡಬೇಕೆನಿಸಿತು.

ಕಾರ್ಬುರೇಟರಿನ ಹತ್ತಿರ ಮಾತ್ರ ಹರಿಯಲಿಲ್ಲ. ಬಿಚ್ಚಿದ, ಪೆಟ್ರೋಲು ಬಿಡುವ ಸಣ್ಣ ಜೆಟ್ಟು ಕೈಜಾರಿ ಅಂಗಳದಲ್ಲೆಲ್ಲೋ ಬಿತ್ತು. ಮೂವರೂ ಮಂಡಿಯೂರಿ ಹುಡುಕಿದರು, ನಜೀಹಾಳ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಬಾಂಗ್ ಕೂಗಿತು.

"ಸ್ಪೇರ್ ಜೆಟ್ಟುಗಳು ಮನೇಲಿರಲಿ" ಎಂದ ಮೊಂಜಿ. "ಕಾರ್ಬುರೇಟರು ದಾರೀಲಿ ಕೆಟ್ಟರೆ?"

"ಕೆಟ್ಟರೆ ಕೂತು ಬ್ಸೀಸ ತಿನ್ನೋಣ. ಮೂರು ಕೆಜಿ ಇದೆ."

ಮಾರನೆಯ ಬೆಳಿಗ್ಗೆ ಸ್ಪ್ಯಾನರುಗಳ ಸುರುಳಿಯನ್ನು ತಿಜಾನಿ ತನ್ನ ಗಾಡಿಗೆ ಕಟ್ಟಿಕೊಂಡ. ಊಟದ ಚೀಲ ಮೊಂಜಿಯ ಗಾಡಿಗೆ ಬಂತು. ಗಾಡಿ ಹತ್ತಿದ ಮೊಂಜಿ, ಎಂದಿನಂತೆ ಗೆಳೆಯ ಮುಂದೆ ಹೋಗಲಿ ಎಂದು ಕಾದ.

"ಹೊರಡೋ" ಎಂದ ತಿಜಾನಿ.

"ನೀನು ಹೋಗು."

"ಸ್ಪ್ಯಾನರು ಇರೋನು ಹಿಂದೆ ಅಲ್ವಾ? ಮುಂದಿನವನು ಕೆಟ್ಟು ನಿಂತರೆ ಹಿಂದಿನವನು ಬಂದು ಸೇರ್ಕೋತಾನೆ. ಇಷ್ಟು ವರ್ಷ ನನಗೆ ಇದನ್ನೇ ತಾನೆ ಹೇಳಿದ್ದು?"

ಇಪ್ಪತ್ತಾರು ವರ್ಷವೂ ಮೊಂಜಿ ಕಂಡ ದಾರಿಯಲ್ಲಿ ತಿಜಾನಿಯ ಬೆನ್ನಿತ್ತು. ಆ ಬೆನ್ನು ಕಾಣುತ್ತಿದ್ದರೆ ಎಲ್ಲವೂ ಸರಿಯಿದೆ ಎಂದು ಅರ್ಥ. ಅದಿಲ್ಲದ ದಾರಿ ಹೇಗಿರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಕೆಳಗಿಳಿದು ಒಳಗೆ ಹೋದ. ಹೊರಬರುವಾಗ ಕೈಯಲ್ಲಿ ಯಾವುದೋ ಹಳೆಯ ಗಾಡಿಯ, ಹಿಂದೆ ನೋಡುವ ದುಂಡುಕನ್ನಡಿ ಇತ್ತು.

"ಇದನ್ನ ಹಾಕಿಕೊಡು" ಎಂದ. "ನನ್ನ ಕೈಲಿ ಆಗಲ್ಲ."

ತಿಜಾನಿ ಕಟ್ಟಿದ ಸುರುಳಿ ಬಿಚ್ಚಿ ಸ್ಪ್ಯಾನರು ತೆಗೆದ. ಮೊಂಜಿಯ ಹ್ಯಾಂಡಲಿಗೆ ಕನ್ನಡಿ ಕೂರಿಸಿ, ಬಿಗಿ ಮಾಡಿ, ಹಿಂದಕ್ಕೆ ಹೋಗಿ ತನ್ನ ಗಾಡಿಯ ಮೇಲೆ ಕುಳಿತ.

"ಕಾಣ್ತೀನಾ?"

"ಇನ್ನೂ ಸ್ವಲ್ಪ ಎಡಕ್ಕೆ ಬಾ" ಎಂದ ಮೊಂಜಿ, ಗಾಡಿ ಹತ್ತಿ ಕನ್ನಡಿಯೊಳಗೆ ನೋಡುತ್ತ.

ತಿಜಾನಿ ಗಾಡಿಯನ್ನು ಕಾಲಿನಿಂದ ತಳ್ಳಿಕೊಂಡು ಎಡಕ್ಕೆ ಸರಿದ.